ಓದುಗರ ಪ್ರಶ್ನೆ: ಹಳೆಯ ಟರ್ಬೈನ್ ಭಾಗದ ಬಿರುಕಿಗೆ ಲೆಕ್ಕ ಇಡುವುದು ಹೇಗೆ?

ಈ ಸಂಚಿಕೆಗೆ ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹತ್ತರಗಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಹಲವು ವರ್ಷ ಬಿಸಿಯಲ್ಲಿ ದುಡಿದ ಗ್ಯಾಸ್ ಟರ್ಬೈನ್ ಭಾಗಗಳಲ್ಲಿ ಬಿರುಕು ಹೇಗೆ ಬೆಳೆಯುತ್ತದೆ, ಅದನ್ನು ಅಳೆಯುವುದು ಹೇಗೆ, ಯಾವಾಗ ಭಾಗವನ್ನು ಕೈಬಿಡಬೇಕು. ಬಾಗಲಕೋಟೆ, ವಿಜಯಪುರದ ಓದುಗರೂ ಬರೆದಿದ್ದಾರೆ. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಹಳೆಯ ಗ್ಯಾಸ್ ಟರ್ಬೈನಿನಿಂದ ಬಿಚ್ಚಿದ ಇಂಕೊನೆಲ್ 718 (ನಿಕಲ್ ಮಿಶ್ರಲೋಹ) ಡಿಸ್ಕ್ ನಮ್ಮ ಶಾಪಿಗೆ ಬಂದಿದೆ. ನಡುವಿನ ಬೋರ್ ಹತ್ತಿರ ಹಾರ್ಡ್‌ನೆಸ್ ನೋಡಿದೆವು, ಹೊಸ ಲೋಹದಷ್ಟೇ ಇದೆ. ಅಂದಮೇಲೆ ಇದರ ಆಯುಷ್ಯ ಇನ್ನೂ ಉಳಿದಿದೆ ಎನ್ನಬಹುದೇ?
— ಮಷಿನ್ ಶಾಪ್ ಮಾಲೀಕರು, ಉದ್ಯಮಬಾಗ

ಉತ್ತರ: ಎನ್ನಲಾಗದು. ಒಂದೇ ಡಿಸ್ಕಿನಲ್ಲಿ ಎರಡು ಬಗೆಯ ಮುಪ್ಪು ಇರುತ್ತದೆ. ಬ್ಲೇಡುಗಳು ಕೂರುವ ಹೊರ ಅಂಚು, ಅಂದರೆ ರಿಮ್, ಬಿಸಿಯಿಂದ ಹಳತಾಗುತ್ತದೆ. ನಡುವಿನ ಬೋರ್ ಅಷ್ಟು ಬಿಸಿಯಾಗುವುದಿಲ್ಲ. ಆದರೆ ತಿರುಗುವಾಗಿನ ಎಳೆತ ಅಲ್ಲೇ ಅತಿ ಹೆಚ್ಚು, ಹಾಗಾಗಿ ಅದು ಸ್ಟಾರ್ಟ್-ಸ್ಟಾಪ್‌ಗಳಿಂದ ಹಳತಾಗುತ್ತದೆ. ನೀವು ಅಳೆದ ಜಾಗ ಹೆಚ್ಚು ಬಿಸಿ ಕಂಡೇ ಇಲ್ಲ, ಹಾರ್ಡ್‌ನೆಸ್ ಹೊಸದರಂತೆ ಇರುವುದು ಸಹಜ. ಅಲ್ಲಿ ಅರ್ಧ ಮಿಲಿಮೀಟರಿನ ಬಿರುಕು ಇದ್ದರೂ ಹಾರ್ಡ್‌ನೆಸ್ ಮಷಿನ್ ಅದೇ ಅಂಕಿ ತೋರಿಸುತ್ತದೆ.

ಬಿಸಿಯಿಂದ ಆಗುವುದನ್ನೂ ಹೇಳಬೇಕು. 718ಕ್ಕೆ ಸಾಮಾನ್ಯವಾಗಿ 980 ಡಿಗ್ರಿ ಸೆಲ್ಸಿಯಸ್ ಸುತ್ತ ಸೊಲ್ಯೂಷನ್ (ಗಟ್ಟಿ ಮಾಡುವ ಕಣಗಳು ಲೋಹದಲ್ಲಿ ಕರಗುವಂತೆ ಕಾಯಿಸುವುದು) ಕೊಟ್ಟು, 720ರಲ್ಲಿ 8 ಗಂಟೆ ಇಟ್ಟು, ಗಂಟೆಗೆ ಸುಮಾರು 55 ಡಿಗ್ರಿಯಂತೆ 620ಕ್ಕೆ ಇಳಿಸಿ, ಅಲ್ಲಿ ಮತ್ತೆ 8 ಗಂಟೆ ಇಡುತ್ತಾರೆ. ಹೀಗೆ ಮಾಡಿದಾಗ ನಿಕಲ್ ಮತ್ತು ನಯೋಬಿಯಂ ಸೇರಿ ನ್ಯಾನೊಮೀಟರ್ ಅಳತೆಯ ಚಪ್ಪಟೆ ಕಣಗಳಾಗುತ್ತವೆ. ಇವೇ ಗಾಮಾ ಡಬಲ್ ಪ್ರೈಮ್. 718ರ ಬಲದ ಬಹುಪಾಲು ಇವುಗಳದ್ದು. 650 ಡಿಗ್ರಿ ದಾಟಿ ಬಹಳ ಕಾಲ ಇದ್ದರೆ ಈ ಕಣಗಳು ದೊಡ್ಡದಾಗಿ, ಕೊನೆಗೆ ಸೂಜಿಯಾಕಾರದ ಡೆಲ್ಟಾ ಹಂತಕ್ಕೆ ತಿರುಗುತ್ತವೆ. ಡೆಲ್ಟಾ ಮೊದಲು ಕೂರುವುದು ಗ್ರೇನ್ ಬೌಂಡರಿಯಲ್ಲಿ, ಅಂದರೆ ಲೋಹದ ಹರಳುಗಳು ಒಂದಕ್ಕೊಂದು ತಾಗುವ ಗಡಿಯಲ್ಲಿ. ಐಎನ್ 738ರಂಥ ಬ್ಲೇಡ್ ಲೋಹಗಳಲ್ಲಿ ಕತೆ ಬೇರೆ. ಅಲ್ಲಿ ಬಲ ಕೊಡುವ, ಮೂಲೆ ಮೂಲೆಯಾಗಿದ್ದ ಗಾಮಾ ಪ್ರೈಮ್ ಕಣ ಗುಂಡಗಾಗುತ್ತ ದಪ್ಪವಾಗುತ್ತದೆ, ಗ್ರೇನ್ ಬೌಂಡರಿಯಲ್ಲಿ ಬಿಡಿಬಿಡಿಯಾಗಿದ್ದ ಕಾರ್ಬೈಡ್‌ಗಳು ಒಂದಕ್ಕೊಂದು ಸೇರಿ ಪೊರೆ ಕಟ್ಟುತ್ತವೆ. ಬಿರುಕಿಗೆ ಈ ಪೊರೆಯ ಪಕ್ಕದ ದಾರಿ ಸಲೀಸು.

ಡಿಸ್ಕ್ ಮತ್ತೆ ಓಡುವುದಿಲ್ಲ ಎಂದು ಖಚಿತವಿದ್ದರೆ ರಿಮ್, ನಡುವಿನ ವೆಬ್, ಬೋರ್ ಮೂರೂ ಕಡೆಯಿಂದ ತುಂಡು ಕತ್ತರಿಸಿ. ಪಾಲಿಶ್ ಮಾಡಿ ಕಾಲಿಂಗ್ಸ್ ನಂಬರ್ 2 ದ್ರಾವಣದಲ್ಲಿ ಎಚ್ ಮಾಡಿ (ರಾಸಾಯನಿಕದಿಂದ ಮೈಯನ್ನು ತುಸು ಕೊರೆಸಿ): 5 ಗ್ರಾಂ ಕ್ಯೂಪ್ರಿಕ್ ಕ್ಲೋರೈಡ್, 100 ಮಿ.ಲೀ. ಹೈಡ್ರೋಕ್ಲೋರಿಕ್ ಆಮ್ಲ, 100 ಮಿ.ಲೀ. ಎಥನಾಲ್. ಫ್ಯೂಮ್ ಹುಡ್ ಇಲ್ಲದೆ ಇದನ್ನು ಮುಟ್ಟಬೇಡಿ. ಸಾವಿರ ಪಟ್ಟು ಹಿಗ್ಗಿಸಿದರೆ ಡೆಲ್ಟಾ ಸೂಜಿಗಳು ಸಾದಾ ಮೈಕ್ರೊಸ್ಕೋಪಿನಲ್ಲೇ ಕಾಣುತ್ತವೆ. ಗಾಮಾ ಡಬಲ್ ಪ್ರೈಮ್ ನೋಡಲು ಎಲೆಕ್ಟ್ರಾನ್ ಮೈಕ್ರೊಸ್ಕೋಪೇ ಬೇಕು. ರಿಮ್ಮಿನ ಚಿತ್ರವನ್ನು ಬೋರಿನ ಚಿತ್ರದ ಪಕ್ಕ ಇಟ್ಟು ನೋಡಿ, ಹೋಲಿಕೆಗೆ ಹೊಸ ಲೋಹ ಹುಡುಕುವ ಕೆಲಸ ಎಷ್ಟೋ ಉಳಿಯುತ್ತದೆ.

ಪ್ರಶ್ನೆ: 718ರ ಮೇಲೆ 650 ಡಿಗ್ರಿಯಲ್ಲಿ ಬಿರುಕು ಬೆಳವಣಿಗೆಯ ಪರೀಕ್ಷೆ ಮಾಡುತ್ತಿದ್ದೇನೆ. ಪ್ರಕಟಿತ ಲೇಖನಗಳಲ್ಲಿ ಅದೇ ಲೋಹ, ಅದೇ ತಾಪಮಾನ, ಅದೇ ಡೆಲ್ಟಾ ಕೆ (ಬಿರುಕಿನ ತುದಿಯಲ್ಲಿ ಒತ್ತಡದ ತೀವ್ರತೆಯ ಏರಿಳಿತ). ಆದರೂ ಒಬ್ಬರ ವೇಗಕ್ಕೂ ಇನ್ನೊಬ್ಬರ ವೇಗಕ್ಕೂ ಹತ್ತು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ವ್ಯತ್ಯಾಸ. ಯಾರದನ್ನು ನಂಬಲಿ? ಪರೀಕ್ಷೆಯಲ್ಲಿ ಯಾವುದಕ್ಕೆ ಹೆಚ್ಚು ಜಾಗ್ರತೆ ಬೇಕು?
— ಎಂ.ಟೆಕ್. ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಎಲ್ಲರೂ ಸರಿಯಾಗಿರಬಹುದು. ಲೇಖನದಲ್ಲಿ ಮೊದಲು ಲೋಡಿನ ಅಲೆಯ ಆಕಾರ ಹುಡುಕಿ. ಒಬ್ಬರು ಸೆಕೆಂಡಿಗೆ ಹತ್ತು ಸಲ ಎಳೆದು ಬಿಟ್ಟಿರುತ್ತಾರೆ. ಇನ್ನೊಬ್ಬರು ಒಂದು ಸೆಕೆಂಡಿನಲ್ಲಿ ಎಳೆದು, ಗರಿಷ್ಠ ಲೋಡಿನಲ್ಲಿ 90 ಸೆಕೆಂಡು ಹಿಡಿದು, ಒಂದು ಸೆಕೆಂಡಿನಲ್ಲಿ ಇಳಿಸಿರುತ್ತಾರೆ. 718ಕ್ಕೆ 550ರಿಂದ 650 ಡಿಗ್ರಿ ನಡುವೆ ಈ ಹಿಡಿತದ ಹೊತ್ತೇ ಎಲ್ಲ. ಹಿಡಿದ ಹೊತ್ತಿನಲ್ಲಿ ಗಾಳಿಯ ಆಕ್ಸಿಜನ್ ಬಿರುಕಿನ ತುದಿಯ ಮುಂದಿರುವ ಗ್ರೇನ್ ಬೌಂಡರಿಯೊಳಗೆ ಇಳಿದು ಅದನ್ನು ಪೆಡಸು ಮಾಡುತ್ತದೆ, ಮೇಲಿನ ಎಳೆತ ಆ ಬೌಂಡರಿಯನ್ನು ತೆರೆಯುತ್ತದೆ. ಅದೇ ಪರೀಕ್ಷೆಯನ್ನು ವ್ಯಾಕ್ಯೂಮಿನಲ್ಲಿ ಮಾಡಿದರೆ ಹಿಡಿತದ ಪರಿಣಾಮ ಬಹುಪಾಲು ಇಲ್ಲವಾಗುತ್ತದೆ. ದೋಷ ಕ್ರೀಪಿಗಿಂತ (ಬಿಸಿಯಲ್ಲಿ ಎಳೆತಕ್ಕೆ ಲೋಹ ನಿಧಾನವಾಗಿ ಹಿಗ್ಗುವುದು) ಗಾಳಿಯದ್ದೇ ಹೆಚ್ಚು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ.

ಒಡೆದ ಮುಖ ನೋಡಿದರೂ ತಿಳಿಯುತ್ತದೆ. ವೇಗದ ಸೈಕಲ್‌ನಲ್ಲಿ ಬಿರುಕು ಗ್ರೇನ್‌ಗಳನ್ನು ಸೀಳಿ ಹೋಗುತ್ತದೆ, ಎಲೆಕ್ಟ್ರಾನ್ ಮೈಕ್ರೊಸ್ಕೋಪಿನಲ್ಲಿ ಸಮಾಂತರ ಸ್ಟ್ರಯೇಷನ್ ಗೆರೆಗಳು ಸಿಗುತ್ತವೆ. ಹಿಡಿತವಿರುವ ಸೈಕಲ್‌ನಲ್ಲಿ ಗ್ರೇನ್‌ಗಳ ಸುತ್ತ ಹೋಗುತ್ತದೆ. ಆಗ ಮುಖದ ಮೇಲೆ ಒಂದೊಂದು ಗ್ರೇನೂ ಕಲ್ಲುಸಕ್ಕರೆಯ ಹರಳಿನಂತೆ ಮುಖಮುಖವಾಗಿ ಎದ್ದು ನಿಂತಿರುತ್ತದೆ, ಗೆರೆ ಒಂದೂ ಇರುವುದಿಲ್ಲ. ಸೇವೆಯಿಂದ ಬಂದ ಭಾಗದ ಬಿರುಕನ್ನು ಬಿಡಿಸಿ ನೋಡಿದಾಗ ಬಾಯಿಯ ಬಳಿ ದಟ್ಟ ಬೂದು-ಕಪ್ಪು, ತುದಿಯ ಕಡೆ ಬರುಬರುತ್ತ ನೀಲಿ, ಆಮೇಲೆ ಒಣಹುಲ್ಲಿನ ಬಣ್ಣ, ಅದರಾಚೆ ನೀವು ಈಗ ಒಡೆದ ಹೊಳೆಯುವ ಲೋಹ. ಹಳೆಯ ಬಿರುಕು ಎಲ್ಲಿಗೆ ಮುಗಿದಿತ್ತು ಎನ್ನುವುದನ್ನು ಆ ಬಣ್ಣದ ಅಂಚೇ ತೋರಿಸುತ್ತದೆ. ಒರೆಸಬೇಡಿ, ಆಮ್ಲ ಹಾಕಬೇಡಿ. ಮೊದಲು ಫೋಟೊ ತೆಗೆಯಿರಿ.

ಇನ್ನು ನಿಮ್ಮ ಪರೀಕ್ಷೆ. ಎಎಸ್‌ಟಿಎಂ ಇ647 ಮಾನದಂಡದ ಪ್ರಕಾರದ ಕಾಂಪ್ಯಾಕ್ಟ್ ಟೆನ್ಷನ್ ಸ್ಪೆಸಿಮನ್ ಸಾಕು: ಅಗಲ 25 ಮಿ.ಮೀ., ದಪ್ಪ 6 ಮಿ.ಮೀ. ಆಸುಪಾಸು. ಡಿಸ್ಕಿನಿಂದ ಕತ್ತರಿಸುವಾಗ ದಿಕ್ಕು ತಪ್ಪಬೇಡಿ. ಎಳೆತ ಸುತ್ತಳತೆಯ ದಿಕ್ಕಿಗೆ ಇರಲಿ, ಬಿರುಕು ಬೋರಿನಿಂದ ರಿಮ್ಮಿನ ಕಡೆ ಹೋಗಲಿ, ಏಕೆಂದರೆ ನಿಜವಾದ ಡಿಸ್ಕ್ ಒಡೆಯುವುದು ಹಾಗೆ. ವೈರ್-ಕಟ್‌ನಲ್ಲಿ ತೆಗೆದ ನಾಚ್ (ಬಿರುಕು ಶುರುವಾಗಲು ಮಾಡಿದ ಸೀಳು) ತುದಿಯಲ್ಲಿ ಕರಗಿ ಮತ್ತೆ ಗಟ್ಟಿಯಾದ ತೆಳು ಪದರ ಉಳಿದಿರುತ್ತದೆ. ಅದನ್ನು ದಾಟಲು ಕನಿಷ್ಠ 1 ಮಿ.ಮೀ. ಪ್ರೀ-ಕ್ರ್ಯಾಕ್ ಬೆಳೆಸಿ. ಪ್ರೀ-ಕ್ರ್ಯಾಕಿನ ಕೊನೆಯ ಲೋಡು ಪರೀಕ್ಷೆಯ ಮೊದಲ ಲೋಡಿಗಿಂತ ಹೆಚ್ಚಾಗಿರಬಾರದು. ಹೆಚ್ಚಾದರೆ ತುದಿಯ ಮುಂದೆ ದೊಡ್ಡ ಪ್ಲಾಸ್ಟಿಕ್ ವಲಯ ಉಳಿದು, ಬಿರುಕು ಮೊದಲ ಕೆಲವು ಸಾವಿರ ಸೈಕಲ್ ಸುಮ್ಮನೆ ಕೂರುತ್ತದೆ. ಆ ನಿಧಾನವನ್ನು ಹಲವರು ಲೋಹದ ಗುಣವೆಂದು ಬರೆದುಬಿಡುತ್ತಾರೆ.

ಫರ್ನೇಸಿನೊಳಗೆ ಬಿರುಕನ್ನು ಕಣ್ಣಿಂದ ನೋಡಲಾಗದು. ಪೊಟೆನ್ಷಿಯಲ್ ಡ್ರಾಪ್ ವಿಧಾನ ಹಿಡಿಯಿರಿ: ಸ್ಪೆಸಿಮನ್ನಿನಲ್ಲಿ ಸ್ಥಿರ ಡಿ.ಸಿ. ಕರೆಂಟ್ ಹರಿಸಿ, ನಾಚಿನ ಎರಡೂ ಕಡೆಯ ವೋಲ್ಟೇಜ್ ಅಳೆಯುವುದು. ಬಿರುಕು ಉದ್ದವಾದಂತೆ ವೋಲ್ಟೇಜ್ ಏರುತ್ತದೆ. ಕೆಡುವುದು ಮೂರು ಕಡೆ. ಸ್ಪೆಸಿಮನ್ ಮತ್ತು ಮಷಿನ್ ನಡುವೆ ಇನ್ಸುಲೇಷನ್ ಇಲ್ಲದಿದ್ದರೆ ಕರೆಂಟ್ ಫ್ರೇಮಿಗೆ ಸೋರುತ್ತದೆ. ತಂತಿಯ ಬೆಸುಗೆಗಳ ತಾಪಮಾನ ಬೇರೆ ಬೇರೆ ಇದ್ದರೆ ಅಲ್ಲೇ ಸಣ್ಣ ವೋಲ್ಟೇಜ್ ಹುಟ್ಟಿ ಓದಿಗೆ ಸೇರಿಕೊಳ್ಳುತ್ತದೆ, ಅದಕ್ಕೆ ಕರೆಂಟಿನ ದಿಕ್ಕು ಬದಲಿಸುತ್ತ ಎರಡು ಓದು ತೆಗೆದು ಅರ್ಧ ವ್ಯತ್ಯಾಸ ಬಳಸಿ. ಮೂರನೆಯದು ಸ್ಪೆಸಿಮನ್ ಒಡೆದ ಮೇಲೆ ಮಾಡದೆ ಬಿಡುವ ಕೆಲಸ. ಮುಖದ ಮೇಲೆ ಮೊದಲ ಮತ್ತು ಕೊನೆಯ ಬಿರುಕಿನ ಗೆರೆಯನ್ನು ದಪ್ಪದುದ್ದಕ್ಕೂ ಐದು ಕಡೆ ಅಳೆದು, ವೋಲ್ಟೇಜಿನಿಂದ ಬಂದ ಉದ್ದವನ್ನು ತಿದ್ದಲೇಬೇಕು. ಹಿಡಿತದ ಪರೀಕ್ಷೆಯಲ್ಲಿ ಬಿರುಕು ನಡುವೆ ಮುಂದೋಡಿ ಅಂಚುಗಳಲ್ಲಿ ಹಿಂದೆ ಉಳಿಯುತ್ತದೆ, ಹೊರ ಮೈಯಲ್ಲಿ ಅಳೆದವರಿಗೆ ಅದು ಕಾಣುವುದೇ ಇಲ್ಲ.

ಸಮಯದ ಲೆಕ್ಕ ಮೊದಲೇ ಹಾಕಿಕೊಳ್ಳಿ. ಸೆಕೆಂಡಿಗೆ 10 ಸೈಕಲ್ ಆದರೆ ಒಂದು ಲಕ್ಷ ಸೈಕಲ್ ಮೂರು ಗಂಟೆಯೊಳಗೆ ಮುಗಿಯುತ್ತದೆ. 1-90-1 ಅಲೆಯಲ್ಲಿ ಒಂದು ಸಾವಿರ ಸೈಕಲ್ಲಿಗೇ ಇಪ್ಪತ್ತೈದೂವರೆ ಗಂಟೆ ಬೇಕು. ಫರ್ನೇಸ್, ಯುಪಿಎಸ್ ಎರಡೂ ಅದಕ್ಕೆ ತಯಾರಿರಬೇಕು. ಹಿಡಿತದ ನಡುವೆ ಕರೆಂಟ್ ಹೋಗಿ ಸ್ಪೆಸಿಮನ್ ತಣ್ಣಗಾದರೆ ಆ ಭಾಗದ ದತ್ತಾಂಶ ಕೈಬಿಡಿ.

ಇನ್ನೊಂದು ಮಾತು. ಹಳತಾದ ಲೋಹದಲ್ಲಿ ಬಿರುಕು ಯಾವಾಗಲೂ ಬೇಗ ಬೆಳೆಯುತ್ತದೆ ಎಂದು ಮೊದಲೇ ತೀರ್ಮಾನಿಸಿ ಕೂರಬೇಡಿ. 718ನ್ನು ಹದ ಮೀರಿ ಏಜ್ ಮಾಡಿದಾಗ (ಬಿಸಿಯಲ್ಲಿ ಇಟ್ಟಾಗ) ಬಲ ಇಳಿಯುತ್ತದೆ, ಆದರೆ ಹಿಡಿತದ ಬಿರುಕಿಗೆ ಪ್ರತಿರೋಧ ಹೆಚ್ಚುವುದುಂಟು. ಗ್ರೇನ್ ದಪ್ಪವಿದ್ದಾಗಲೂ ಹಾಗೇ. ಉಲ್ಟಾ, ಬ್ಲೇಡ್ ಲೋಹದಲ್ಲಿ ಕಾರ್ಬೈಡ್ ಪೊರೆ ಕಟ್ಟಿದ್ದರೆ ಪರಿಸ್ಥಿತಿ ಕೆಡುತ್ತದೆ. ಅದಕ್ಕೇ ಹಳೆಯ ಭಾಗದ ಆಯುಷ್ಯವನ್ನು ಹೊಸ ಲೋಹದ ದತ್ತಾಂಶದಿಂದ ಲೆಕ್ಕ ಹಾಕುವುದು ತಪ್ಪು ಎಂದು ನಾವು ಒತ್ತಿ ಹೇಳುತ್ತೇವೆ. ನಿವೃತ್ತ ಭಾಗದಿಂದಲೇ ಸ್ಪೆಸಿಮನ್ ಕತ್ತರಿಸಿ, ಯಂತ್ರ ಓಡುವ ರೀತಿಗೆ ಹತ್ತಿರದ ಹಿಡಿತ ಕೊಟ್ಟು ಅಳೆಯಬೇಕು. ನಿಮ್ಮ ಪ್ರಬಂಧ ಇದೊಂದನ್ನು ಮಾಡಿದರೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಪಠ್ಯದಲ್ಲಿ ಪ್ಯಾರಿಸ್ ಸೂತ್ರ ಇದೆ, ಆದರೆ ಅಂಕಿ ಹಾಕಿ ಕೊನೆಯವರೆಗೆ ಮಾಡಿದ ಲೆಕ್ಕ ಸಿಗುತ್ತಿಲ್ಲ. ಒಂದು ಮಾಡಿ ತೋರಿಸಿ.
— ಮೆಕ್ಯಾನಿಕಲ್ ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: 1960ರ ದಶಕದ ಆರಂಭದಲ್ಲಿ ಪಾಲ್ ಪ್ಯಾರಿಸ್ ಕೊಟ್ಟ ಸಂಬಂಧ ಇದು: ಒಂದು ಸೈಕಲ್ಲಿಗೆ ಬಿರುಕು ಬೆಳೆಯುವ ಉದ್ದ = ಸಿ × (ಡೆಲ್ಟಾ ಕೆ)ಯ ಎಂ ಘಾತ. ಕೆ ಎಂದರೆ ಬಿರುಕಿನ ತುದಿಯಲ್ಲಿ ಒತ್ತಡ ಎಷ್ಟು ತೀವ್ರವಾಗಿದೆ ಎಂಬ ಅಳತೆ. ಅದು ಒತ್ತಡಕ್ಕೂ ಬಿರುಕಿನ ಆಳದ ವರ್ಗಮೂಲಕ್ಕೂ ಅನುಪಾತದಲ್ಲಿರುತ್ತದೆ.

ಲೆಕ್ಕ ಕಲಿಯಲು ಮಾದರಿ ಅಂಕಿಗಳನ್ನು ಇಟ್ಟುಕೊಳ್ಳೋಣ. ಡಿಸ್ಕ್ ಬೋರಿನ ಮೈಮೇಲೆ ಅರೆಚಂದ್ರಾಕಾರದ ಬಿರುಕು, ಆಳ 0.5 ಮಿ.ಮೀ. ಪ್ರತಿ ಸ್ಟಾರ್ಟ್-ಸ್ಟಾಪಿಗೆ ಒತ್ತಡದ ಏರಿಳಿತ 600 ಮೆಗಾಪ್ಯಾಸ್ಕಲ್. ಆಕಾರ ಗುಣಕ 0.7. ಎಂ ಬೆಲೆ 3, ಸಿ ಬೆಲೆ 10ರ ಮೈನಸ್ 11ನೇ ಘಾತ, ಮೀಟರ್ ಮತ್ತು ಮೆಗಾಪ್ಯಾಸ್ಕಲ್ ರೂಟ್ ಮೀಟರ್ ಮಾನದಲ್ಲಿ. ಆಳ 5 ಮಿ.ಮೀ. ಆಗುವವರೆಗೆ ಎಷ್ಟು ಸೈಕಲ್?

ಮೊದಲ ಡೆಲ್ಟಾ ಕೆ = 0.7 × 600 × √(3.1416 × 0.0005) = 16.6 ಮೆಗಾಪ್ಯಾಸ್ಕಲ್ ರೂಟ್ ಮೀಟರ್. ಬಿರುಕು ಬೆಳೆದಂತೆ ಇದೂ ಏರುವುದರಿಂದ ಇಂಟಿಗ್ರೇಟ್ ಮಾಡಬೇಕು. ಎಂ 3 ಇದ್ದಾಗ ಕೆಲಸ ಸುಲಭ. 0.7 × 600 = 420. ಇದನ್ನು ಪೈಯ ವರ್ಗಮೂಲದಿಂದ ಗುಣಿಸಿದರೆ 744.4. ಅದರ ಘನ 41.25 ಕೋಟಿ. ಸಿ ಯಿಂದ ಗುಣಿಸಿದರೆ 0.004125. ಈಗ 2ನ್ನು ಇದರಿಂದ ಭಾಗಿಸಿ: 485. ಆಮೇಲೆ 1 ÷ √0.0005 = 44.7, 1 ÷ √0.005 = 14.1, ವ್ಯತ್ಯಾಸ 30.6. 485ನ್ನು 30.6ರಿಂದ ಗುಣಿಸಿದರೆ ಸುಮಾರು 14,800 ಸೈಕಲ್.

ಇಲ್ಲಿಗೆ ನಿಲ್ಲಬೇಡಿ, ಇದೇ ಲೆಕ್ಕವನ್ನು ತಿರುಗಿಸಿ ನೋಡಿ. 0.5ರಿಂದ 1 ಮಿ.ಮೀ. ತಲುಪಲು ಮಾತ್ರ 6,350 ಸೈಕಲ್ ಹೋಗಿರುತ್ತದೆ, ಉಳಿದ 4 ಮಿ.ಮೀ.ಗೆ 8,470. ಅಂದರೆ ತಪಾಸಣೆಯಲ್ಲಿ 1 ಮಿ.ಮೀ.ಗಿಂತ ಚಿಕ್ಕ ಬಿರುಕು ಕಾಣುವುದಿಲ್ಲ ಎಂದಾದರೆ ನಿಮ್ಮ ಕೈಯಲ್ಲಿರುವುದು 8,470 ಮಾತ್ರ. ಒತ್ತಡ 10 ಶೇಕಡಾ ಏರಿಸಿ: 1.1ರ ಘನ 1.331, ಆಯುಷ್ಯ 14,800ರಿಂದ 11,100ಕ್ಕೆ ಇಳಿಯಿತು. ಹಿಡಿತದಿಂದ ವೇಗ ಹತ್ತು ಪಟ್ಟಾದರೆ 1,480. ಮೇಲೆ ವಿದ್ಯಾರ್ಥಿನಿ ಕೇಳಿದ ಆ ಹತ್ತು ಪಟ್ಟು ವ್ಯತ್ಯಾಸ ಕಾಗದದ ಮೇಲಿನ ಜಗಳವಲ್ಲ ಎನ್ನುವುದು ಇಲ್ಲಿ ಗೊತ್ತಾಗುತ್ತದೆ.

ಪರೀಕ್ಷೆಯಲ್ಲಿ ಹುಡುಗರು ಎಡವುವುದು ಮಾನದಲ್ಲಿ. ಹಳೆಯ ಕೋಷ್ಟಕಗಳು ರೂಟ್ ಮಿಲಿಮೀಟರಿನಲ್ಲಿ ಇರುತ್ತವೆ. ಎರಡರ ನಡುವೆ 31.6 ಪಟ್ಟು ಅಂತರ, ಘನ ಮಾಡಿದಾಗ ಮೂವತ್ತೊಂದು ಸಾವಿರ ದಾಟುತ್ತದೆ. ಉತ್ತರ ಅಷ್ಟು ಪಟ್ಟು ಹೆಚ್ಚುಕಡಿಮೆ ಬಂದರೆ ಸೂತ್ರ ಅನುಮಾನಿಸುವ ಮೊದಲು ಮಾನ ನೋಡಿ. ಸಿ ಮತ್ತು ಎಂ ಬೆಲೆಗಳು ಲೋಹ, ತಾಪಮಾನ, ಅಲೆ ಮೂರಕ್ಕೂ ಬದಲಾಗುತ್ತವೆ. ಈ ಮಾದರಿ ಬೆಲೆಗಳನ್ನು ನಿಜವಾದ ಭಾಗಕ್ಕೆ ಹಾಕಬೇಡಿ.

ಪ್ರಶ್ನೆ: ಬ್ಲೇಡುಗಳನ್ನು ಗ್ರಿಟ್ ಬ್ಲಾಸ್ಟ್ ಮಾಡಿ ಸ್ವಚ್ಛಗೊಳಿಸಿ ಫ್ಲೋರೊಸೆಂಟ್ ಪೆನಿಟ್ರೆಂಟ್ (ಬಿರುಕಿಗೆ ಇಳಿದು ಹೊಳೆಯುವ ದ್ರವ) ಪರೀಕ್ಷೆ ಮಾಡಿದೆವು. ಒಂದೂ ಬಿರುಕು ಕಾಣಲಿಲ್ಲ. ಅದೇ ಬ್ಲೇಡಿನಲ್ಲಿ ಗಿರಾಕಿಯ ಎಡ್ಡಿ ಕರೆಂಟ್ ಪರೀಕ್ಷೆ ಬಿರುಕು ತೋರಿಸಿತು. ಹೇಗೆ?
— ತಪಾಸಣಾ ವಿಭಾಗದ ಉದ್ಯೋಗಿ, ಹತ್ತರಗಿ

ಉತ್ತರ: ಬ್ಲಾಸ್ಟ್ ಮಾಡಿದ್ದರಿಂದಲೇ. ಗ್ರಿಟ್ ಬಡಿದಾಗ ಮೈಮೇಲಿನ ಲೋಹ ಹರಡಿ ಬಿರುಕಿನ ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದ ಬಿರುಕಿನೊಳಗೆ ಪೆನಿಟ್ರೆಂಟ್ ಇಳಿಯುವುದಿಲ್ಲ. ಎಡ್ಡಿ ಕರೆಂಟ್ ಲೋಹದಲ್ಲಿ ಸುರುಳಿ ವಿದ್ಯುತ್ ಹುಟ್ಟಿಸಿ ಅಡ್ಡಿ ಹುಡುಕುವ ಪರೀಕ್ಷೆ, ಅದಕ್ಕೆ ತೆರೆದ ಬಾಯಿ ಬೇಕಿಲ್ಲ. ಬ್ಲಾಸ್ಟ್ ಅನಿವಾರ್ಯವಾಗಿದ್ದರೆ, ತಯಾರಕರ ಕೈಪಿಡಿ ಒಪ್ಪಿದ ಎಚ್ ಕೊಟ್ಟು ಮೈಯ ತೆಳು ಪದರ ತೆಗೆದ ಮೇಲೆಯೇ ಪೆನಿಟ್ರೆಂಟ್ ಹಚ್ಚಬೇಕು.

ಸೇವೆಯಿಂದ ಬಂದ ಭಾಗದಲ್ಲಿ ಎರಡನೆಯ ತೊಂದರೆಯೂ ಇದೆ. ಬಿರುಕಿನೊಳಗೆ ಅಲ್ಯುಮಿನಿಯಂ, ಟೈಟಾನಿಯಂ, ಕ್ರೋಮಿಯಂ ಆಕ್ಸೈಡ್‌ಗಳು ತುಂಬಿಕೊಂಡಿರುತ್ತವೆ. ಸಾಲ್ವೆಂಟ್ ಅದನ್ನು ಮುಟ್ಟುವುದಿಲ್ಲ, ಸಾಧಾರಣ ಆಮ್ಲವೂ ಸಾಲದು. ದುರಸ್ತಿಗೆ ಹೋಗುವ ಬ್ಲೇಡುಗಳಿಗೆ ಅದಕ್ಕೇ ಬಿಸಿ ಫರ್ನೇಸಿನಲ್ಲಿ ಹೈಡ್ರೋಜನ್ ಫ್ಲೋರೈಡ್ ಅನಿಲ ಹಾಯಿಸುವ ಫ್ಲೋರೈಡ್ ಅಯಾನ್ ಕ್ಲೀನಿಂಗ್ ಮಾಡುತ್ತಾರೆ. ಆ ಅನಿಲ ಪ್ರಾಣಾಂತಿಕ. ಅದಕ್ಕೆಂದೇ ಕಟ್ಟಿದ ಘಟಕಕ್ಕೆ ಕಳಿಸಿ, ಶಾಪಿನಲ್ಲಿ ಪ್ರಯೋಗ ಬೇಡ.

ಪರೀಕ್ಷೆಯ ಹದ ಹೀಗೆ: ಭಾಗ ಪೂರ್ತಿ ಒಣಗಿರಬೇಕು, ಬಿರುಕಿನಲ್ಲಿ ನೀರು ಉಳಿದರೆ ಪೆನಿಟ್ರೆಂಟಿಗೆ ಜಾಗವಿಲ್ಲ. ಪೆನಿಟ್ರೆಂಟ್ ಕನಿಷ್ಠ 10 ನಿಮಿಷ ನಿಲ್ಲಲಿ. ಬಿಗಿಯಾದ ಫಟೀಗ್ ಬಿರುಕಿಗೆ (ಮತ್ತೆ ಮತ್ತೆ ಲೋಡ್ ಬಿದ್ದು ಹುಟ್ಟಿದ್ದು) ಅದು ಸಾಲದು, ಕೈಪಿಡಿ ಹೇಳಿದಷ್ಟು ಹೊತ್ತು ಕೊಡಿ, ನಡುವೆ ಒಣಗಲು ಬಿಡಬೇಡಿ. ತೊಳೆಯುವಾಗ ಜೋರು ನೀರು ಹೊಡೆದರೆ ಬಿರುಕಿನೊಳಗಿನದೂ ಹೊರಟುಹೋಗುತ್ತದೆ. ಡೆವಲಪರ್ ಹಾಕಿ ಕನಿಷ್ಠ 10 ನಿಮಿಷ ಕಾಯಿರಿ. ಕಪ್ಪು ಬೆಳಕಿನ (ಅಲ್ಟ್ರಾವಯೊಲೆಟ್) ತೀವ್ರತೆ ಭಾಗದ ಮೈಮೇಲೆ ಚದರ ಸೆಂ.ಮೀ.ಗೆ ಕನಿಷ್ಠ 1,000 ಮೈಕ್ರೊವ್ಯಾಟ್, ಕೋಣೆಯ ಬಿಳಿ ಬೆಳಕು 20 ಲಕ್ಸ್ ಮೀರಬಾರದು. ಬಿಸಿಲಿನಿಂದ ನೇರ ಒಳಗೆ ಬಂದವರ ಕಣ್ಣು ಕತ್ತಲಿಗೆ ಹೊಂದಲು ಕೆಲವು ನಿಮಿಷ ಬೇಕು. ಫೋಟೊಕ್ರೊಮಿಕ್ ಕನ್ನಡಕ ಹಾಕಿ ನೋಡುವುದಂತೂ ಕೂಡದು, ಅದು ಕಪ್ಪು ಬೆಳಕಿಗೇ ಕಂದುತ್ತದೆ.

ಪ್ರಶ್ನೆ: ಸರ್, ಐಎನ್ 738 ಬ್ಲೇಡಿನ ತುದೀಗೆ ಬಿರುಕು ಬಿಟ್ಟಿತ್ತು. ಟಿಗ್ ವೆಲ್ಡಿಂಗ್ ಮಾಡಿದ್ವಿ, ಚಲೋ ಕೂತಿತ್ತು. ಹೀಟ್ ಟ್ರೀಟ್‌ಮೆಂಟ್ ಆಗಿ ಬಂದ ಮ್ಯಾಲೆ ನೋಡಿದ್ರ ವೆಲ್ಡಿನ ಬಾಜೂಕ ಹೊಸಾ ಬಿರುಕು ಅದಾವ. ತಪ್ಪು ವೆಲ್ಡರಂದೋ, ಫರ್ನೇಸಿನವ್ರದೋ?
— ಮಚ್ಛೆಯ ಓದುಗರು

ಉತ್ತರ: ಇಬ್ಬರನ್ನೂ ಬೈಯುವ ಮೊದಲು ಲೋಹದ ಗುಣ ನೋಡಿ. 738ರಲ್ಲಿ ಅಲ್ಯುಮಿನಿಯಂ ಸುಮಾರು 3.4, ಟೈಟಾನಿಯಂ ಸುಮಾರು 3.4 ಶೇಕಡಾ ಇದೆ. ಇಷ್ಟಿದ್ದಾಗ ಗಾಮಾ ಪ್ರೈಮ್ ಬಹಳ ಬೇಗ ಹುಟ್ಟುತ್ತದೆ. ವೆಲ್ಡ್ ಆದ ಬ್ಲೇಡನ್ನು ಮತ್ತೆ ಬಿಸಿ ಮಾಡುವಾಗ 700ರಿಂದ 900 ಡಿಗ್ರಿ ನಡುವೆ ಗ್ರೇನಿನ ಒಳಗು ಗಟ್ಟಿಯಾಗುತ್ತದೆ, ವೆಲ್ಡಿನಲ್ಲಿ ಉಳಿದಿದ್ದ ಸೆಳೆತ ಸಡಿಲವಾಗಲು ಗ್ರೇನ್ ಬೌಂಡರಿ ಬಿಟ್ಟು ಬೇರೆ ಜಾಗ ಸಿಗುವುದಿಲ್ಲ. ಅಲ್ಲೇ ಸೀಳುತ್ತದೆ. 718ರಲ್ಲಿ ಗಟ್ಟಿ ಮಾಡುವ ಕಣ ನಿಧಾನ ಹುಟ್ಟುವುದರಿಂದ ಅದು ಇಷ್ಟು ಕಾಡುವುದಿಲ್ಲ.

ಹಳೆಯ ಬ್ಲೇಡಾದರೆ ವೆಲ್ಡಿಗೆ ಮೊದಲೇ 1,120 ಡಿಗ್ರಿಯಲ್ಲಿ 2 ಗಂಟೆ ವ್ಯಾಕ್ಯೂಮ್ ಸೊಲ್ಯೂಷನ್ ಕೊಡಿಸಿ, ಮೆದುವಾಗಲಿ. ಅದಕ್ಕೂ ಮೊದಲು ಕೋಟಿಂಗ್ ತೆಗೆದಿರಬೇಕು. ಬಿರುಕನ್ನು ಕಾರ್ಬೈಡ್ ಬರ್ರಿನಿಂದ ಪೂರ್ತಿ ತೆಗೆದು, ಪೆನಿಟ್ರೆಂಟಿನಲ್ಲಿ ಖಾತ್ರಿ ಮಾಡಿಕೊಳ್ಳಿ. ತಳದಲ್ಲಿ ಒಂದಿಷ್ಟು ಆಕ್ಸೈಡ್ ಉಳಿದರೂ ವೆಲ್ಡ್ ಅಲ್ಲಿಂದಲೇ ಬಿಡುತ್ತದೆ. ಫಿಲ್ಲರಿಗೆ ಇಂಕೊನೆಲ್ 625 ಬಳಸಿ. ಅದು ಮೂಲ ಲೋಹಕ್ಕಿಂತ ಮೆದು, ಸೆಳೆತ ತಾನು ನುಂಗುತ್ತದೆ. ಕರೆಂಟ್ ಕಡಿಮೆ, ಪಾಸ್ ಚಿಕ್ಕದು, ಫಿಕ್ಸ್ಚರ್ ಬ್ಲೇಡನ್ನು ಬಿಗಿಯಾಗಿ ಅದುಮಿ ಹಿಡಿಯದಿರಲಿ. ಆಮೇಲಿನ ಹೀಟ್ ಟ್ರೀಟ್‌ಮೆಂಟಿನಲ್ಲಿ 700–900ರ ಪಟ್ಟಿಯನ್ನು ಫರ್ನೇಸಿಗೆ ಸಾಧ್ಯವಾದಷ್ಟು ಬೇಗ ದಾಟಿಸಲು ಹೇಳಿ, 1,120ರಲ್ಲಿ ಮತ್ತೆ ಸೊಲ್ಯೂಷನ್, ಕೊನೆಗೆ 845ರಲ್ಲಿ 24 ಗಂಟೆ ಏಜಿಂಗ್.

625 ಮೆದು ಅಂದೆವಲ್ಲ, ಅದಕ್ಕೇ ಈ ದುರಸ್ತಿ ಬ್ಲೇಡಿನ ತುದಿಗೆ ಮಾತ್ರ. ಏರ್‌ಫಾಯಿಲಿನ ನಡುಭಾಗ, ಪ್ಲಾಟ್‌ಫಾರ್ಮಿನ ತಿರುವು, ಫರ್ ಟ್ರೀ ರೂಟ್ (ಡಿಸ್ಕಿನಲ್ಲಿ ಕೂರುವ ಬುಡ) ಇಲ್ಲೆಲ್ಲ ವೆಲ್ಡ್ ಹಚ್ಚಲೇಬಾರದು. ಕೆಲವರು ಹಿಪ್ (ಬಿಸಿಯಲ್ಲಿ ಎಲ್ಲ ಕಡೆಯಿಂದ ಅನಿಲದ ಒತ್ತಡ ಕೊಡುವುದು) ಮಾಡಿಸಿದರೆ ಬಿರುಕು ಮುಚ್ಚುತ್ತದೆ ಎಂದು ನಂಬಿದ್ದಾರೆ. 1,200 ಡಿಗ್ರಿ ಹತ್ತಿರ, 100 ಮೆಗಾಪ್ಯಾಸ್ಕಲ್ ಆರ್ಗಾನ್ ಒತ್ತಡದಲ್ಲಿ 4 ಗಂಟೆ ಇಟ್ಟರೆ ಒಳಗಿನ ಕ್ರೀಪ್ ತೂತುಗಳು, ಎರಕದ ತೂತುಗಳು ಮುಚ್ಚುವುದು ನಿಜ. ಮೈಗೆ ತೆರೆದ ಬಿರುಕಿನೊಳಗೆ ಆರ್ಗಾನೇ ನುಗ್ಗುವುದರಿಂದ ಅದು ಮುಚ್ಚುವುದಿಲ್ಲ.

ಪ್ರಶ್ನೆ: ನಮ್ಮ ಫೌಂಡ್ರಿಯ ಇಂಡಕ್ಷನ್ ಫರ್ನೇಸಿನಲ್ಲಿ 738 ಬ್ಲೇಡ್ ಎರಕ ಹೊಯ್ಯಬಹುದೇ?
— ಉದ್ಯಮಬಾಗ

ಉತ್ತರ: ತೆರೆದ ಗಾಳಿಯ ಫರ್ನೇಸಿನಲ್ಲಿ ಆಗದು. ಅಲ್ಯುಮಿನಿಯಂ, ಟೈಟಾನಿಯಂ ಉರಿದು ಆಕ್ಸೈಡ್ ಮತ್ತು ನೈಟ್ರೈಡ್ ಪೊರೆಗಳಾಗಿ ಲೋಹದೊಳಗೆ ಉಳಿಯುತ್ತವೆ, ಪ್ರತಿ ಪೊರೆಯೂ ಒಂದು ಬಿರುಕಿನ ಬೀಜ. ಕರಗಿಸುವುದು, ಹೊಯ್ಯುವುದು ಎರಡೂ ವ್ಯಾಕ್ಯೂಮಿನಲ್ಲೇ ಆಗಬೇಕು.

ಪ್ರಶ್ನೆ: ಕೂಡಗಿಯಂಥ ಉಷ್ಣ ವಿದ್ಯುತ್ ಸ್ಥಾವರಗಳ ಟರ್ಬೈನಿಗೂ, ಸಕ್ಕರೆ ಕಾರ್ಖಾನೆಯ ಕೋಜನ್ (ಉಗಿ, ವಿದ್ಯುತ್ ಎರಡನ್ನೂ ಕೊಡುವ) ಟರ್ಬೈನಿಗೂ ಈ ಎಲ್ಲ ಮಾತು ಅನ್ವಯಿಸುತ್ತದೆಯೇ?
— ವಿಜಯಪುರ

ಉತ್ತರ: ಸೂತ್ರ ಅದೇ, ಲೋಹ ಬೇರೆ. ಅವು ಉಗಿ ಟರ್ಬೈನುಗಳು. ಉಗಿಯ ತಾಪಮಾನ 600 ಡಿಗ್ರಿ ಹತ್ತಿರ ಅಥವಾ ಅದಕ್ಕಿಂತ ಕಡಿಮೆ, ರೋಟರುಗಳು ಮುಖ್ಯವಾಗಿ ಕ್ರೋಮ್-ಮಾಲಿ ಉಕ್ಕು. ಅಲ್ಲಿ ಕಾಡುವುದು ದಪ್ಪ ರೋಟರಿನ ಮೈ ಮತ್ತು ಒಳಗಿನ ತಾಪಮಾನ ವ್ಯತ್ಯಾಸ, ಮತ್ತು ಕೊನೆಯ ಹಂತದ ಬ್ಲೇಡುಗಳಲ್ಲಿ ತೇವದ ಉಗಿ ತರುವ ತುಕ್ಕು ಸೇರಿದ ಫಟೀಗ್. ಕೋಜನ್‌ನಲ್ಲಿ ಉಗಿಯ ಶುದ್ಧತೆ ಕೆಟ್ಟರೆ ಈ ಎರಡನೆಯದು ಬೇಗ ಬರುತ್ತದೆ.

ಪ್ರಶ್ನೆ: ಬಿರುಕು ಕಂಡ ಕೂಡಲೇ ಭಾಗ ತೆಗೆದು ಹಾಕಬೇಕೇ? ಕೆಲವು ಬಿರುಕನ್ನು ಕೈಪಿಡಿಯೇ ಬಿಡಬಹುದು ಎನ್ನುತ್ತದೆ.
— ನಿರ್ವಹಣಾ ಎಂಜಿನಿಯರ್, ಬೆಳಗಾವಿ

ಉತ್ತರ: ಯಾವ ಭಾಗ ಎನ್ನುವುದರ ಮೇಲೆ. ಕಂಬಸ್ಟರ್ ಲೈನರ್, ತಿರುಗದ ನಾಜಲ್ ವೇನ್ ಇವುಗಳಲ್ಲಿ ಉಷ್ಣ ಬಿರುಕುಗಳಿಗೆ ತಯಾರಕರೇ ಉದ್ದದ ಮಿತಿ ಕೊಟ್ಟಿರುತ್ತಾರೆ. ಬಿಸಿ ಏರಿಳಿತದಿಂದ ಹುಟ್ಟಿದ ಬಿರುಕು ಬೆಳೆದಂತೆ ಸೆಳೆತ ತಾನೇ ಸಡಿಲವಾಗಿ ನಿಧಾನವಾಗುತ್ತದೆ, ತುಂಡು ಕಳಚಿ ಬೀಳದಿದ್ದರೆ ಸಾಕು. ತಿರುಗುವ ಬ್ಲೇಡಿನಲ್ಲಿ ತುದಿಯ ಚಿಕ್ಕ ಬಿರುಕಿಗೆ ಒಂದಿಷ್ಟು ಅವಕಾಶ, ರೂಟಿನಲ್ಲಿ ಇಲ್ಲವೇ ಇಲ್ಲ. ಡಿಸ್ಕಿನಲ್ಲಿ ಬಿರುಕು ಎಂದರೆ ಡಿಸ್ಕ್ ಹೊರಗೆ. ಬ್ಲೇಡ್ ಹಾರಿದರೆ ಕವಚ ಹಿಡಿಯುತ್ತದೆ, ಡಿಸ್ಕಿನ ತುಂಡನ್ನು ಯಾವ ಕವಚವೂ ಹಿಡಿಯಲಾರದು.

2016ರ ಅಕ್ಟೋಬರ್ 28ರಂದು ಶಿಕಾಗೊ ಓ'ಹೇರ್ ನಿಲ್ದಾಣದಲ್ಲಿ ಅಮೆರಿಕನ್ ಏರ್‌ಲೈನ್ಸ್ 383ನೇ ವಿಮಾನ ಮೇಲೇರಲು ಓಡುತ್ತಿದ್ದಾಗ ಬಲ ಎಂಜಿನ್ನಿನ ಹೈ ಪ್ರೆಷರ್ ಟರ್ಬೈನಿನ ಎರಡನೇ ಹಂತದ ಡಿಸ್ಕ್ ಒಡೆಯಿತು. ಅದು 718ರ ಡಿಸ್ಕ್. 15,000 ಸೈಕಲ್ ಮಿತಿಯಲ್ಲಿ 10,984 ಮಾತ್ರ ಮುಗಿದಿತ್ತು. ಒಂದು ತುಂಡು ರೆಕ್ಕೆ ಸೀಳಿ, ಸುಮಾರು 900 ಮೀಟರ್ ದೂರದ ಗೋದಾಮಿನ ಚಾವಣಿ ಒಡೆದು ಬಿತ್ತು. ವಿಮಾನಕ್ಕೆ ಬೆಂಕಿ ಹತ್ತಿತು, ಒಳಗಿದ್ದ 170 ಜನರೂ ಬದುಕಿ ಹೊರಬಂದರು. ತನಿಖೆಯಲ್ಲಿ ತಿಳಿದದ್ದು: ಲೋಹ ಕರಗಿಸುವಾಗಲೇ ಒಳಗೆ ಉಳಿದ, ಆಕ್ಸೈಡ್ ಸೇರಿದ ದೋಷವೊಂದರಿಂದ ಫಟೀಗ್ ಬಿರುಕುಗಳು ಹುಟ್ಟಿದ್ದವು. ದೋಷ ಒಳಗಿದ್ದುದರಿಂದ ಮೈಮೇಲಿನ ಪೆನಿಟ್ರೆಂಟಿಗೆ ಕಾಣುವಂತಿರಲಿಲ್ಲ. ಆ ಮೇಲೆ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಇಂಥ ನಿಕಲ್ ಡಿಸ್ಕುಗಳಿಗೆ ಸೇವೆಯ ನಡುವೆ ಒಳಭಾಗವನ್ನೂ ತಪಾಸಣೆ ಮಾಡಬೇಕೆಂದು ಶಿಫಾರಸು ಮಾಡಿತು. ಪೆನಿಟ್ರೆಂಟ್ ವರದಿ ಸ್ವಚ್ಛವಾಗಿದ್ದರೆ ಅಲ್ಟ್ರಾಸಾನಿಕ್ ಬೇಡ ಎನ್ನುವವರಿಗೆ ನಮ್ಮ ಉತ್ತರ ಈ ಡಿಸ್ಕ್.

ಪ್ರಶ್ನೆ: ಲಾಗ್ ಪುಸ್ತಕದಲ್ಲಿ ಓಡಿದ ಗಂಟೆ ಬರೆಯುತ್ತೇವೆ. ಅಷ್ಟು ಸಾಕೇ?
— ಅದೇ ಓದುಗರು

ಉತ್ತರ: ಸಾಲದು. ಪ್ರತಿ ಸ್ಟಾರ್ಟ್, ಪ್ರತಿ ಸ್ಟಾಪ್, ಪ್ರತಿ ಟ್ರಿಪ್ (ಯಂತ್ರ ತಟ್ಟನೆ ತಾನೇ ನಿಲ್ಲುವುದು) ಬೇರೆ ಬೇರೆ ಬರೆಯಿರಿ, ಟ್ರಿಪ್ ಆದಾಗ ಲೋಡ್ ಎಷ್ಟಿತ್ತು ಎನ್ನುವುದೂ ಇರಲಿ. ಪೂರ್ಣ ಲೋಡಿನಿಂದ ಆದ ಒಂದು ಟ್ರಿಪ್ಪನ್ನು 8 ಸಾಮಾನ್ಯ ಸ್ಟಾರ್ಟಿಗೆ ಸಮವೆಂದು ಎಣಿಸುವ ಮಾರ್ಗಸೂಚಿಗಳಿವೆ. ಬಿಸಿ ಅನಿಲ ಒಮ್ಮೆಲೇ ನಿಂತು ಬ್ಲೇಡಿನ ತೆಳು ಅಂಚು ಮೊದಲು ತಣ್ಣಗಾಗಿ, ದಪ್ಪ ನಡುಭಾಗ ಬಿಸಿಯಾಗಿಯೇ ಉಳಿದು, ಅಂಚು ಎಳೆತಕ್ಕೆ ಸಿಕ್ಕುವುದೇ ಕಾರಣ. ಬೇಗ ಸ್ಟಾರ್ಟ್ ಮಾಡಿದರೆ ಡಿಸ್ಕಿಗೆ ಪೆಟ್ಟು: ರಿಮ್ ಬೇಗ ಬಿಸಿಯಾಗಿ ಹಿಗ್ಗುತ್ತದೆ, ತಣ್ಣಗಿರುವ ಬೋರಿನ ಎಳೆತ ಹೆಚ್ಚುತ್ತದೆ. ಆದ್ದರಿಂದ ತಣ್ಣನೆಯ ಸ್ಟಾರ್ಟೋ, ಬಿಸಿ ಇದ್ದಾಗಿನ ಸ್ಟಾರ್ಟೋ, ಪೂರ್ಣ ಲೋಡಿಗೆ ಎಷ್ಟು ನಿಮಿಷ ಹಿಡಿಯಿತು ಎನ್ನುವುದನ್ನೂ ಸೇರಿಸಿ. ಎಕ್ಸಾಸ್ಟ್ ಥರ್ಮೊಕಪಲ್‌ಗಳ ನಡುವಿನ ಅತಿ ಹೆಚ್ಚು–ಅತಿ ಕಡಿಮೆ ವ್ಯತ್ಯಾಸ ದಿನಕ್ಕೊಮ್ಮೆ ದಾಖಲಾಗಲಿ. ಒಂದು ಬರ್ನರ್ ಹೆಚ್ಚು ಉರಿದರೆ ಅದರ ಹಿಂದಿನ ವೇನ್‌ಗಳು ಉಳಿದವುಗಳಿಗಿಂತ ಬೇಗ ಮುಪ್ಪಾಗುತ್ತವೆ, ಸರಾಸರಿ ತಾಪಮಾನ ನೋಡಿದರೆ ಅದು ತಿಳಿಯುವುದಿಲ್ಲ. ಬ್ಲೇಡಿನ ಸೀರಿಯಲ್ ನಂಬರ್ ಯಾವ ಸ್ಲಾಟಿನಲ್ಲಿತ್ತು ಎಂಬ ಪಟ್ಟಿಯನ್ನು ಬಿಚ್ಚುವ ದಿನವೇ ಬರೆದಿಡಿ. ಟ್ರೇಗೆ ಹಾಕಿದ ಮೇಲೆ ಅದನ್ನು ಮತ್ತೆ ಗುರುತಿಸಲಾಗದು.